ತೊಗರಿ ಕೀಡೆಗೆ ಆರ್‌ಎನ್‌ಎ ಎಣ್ಣೆ ನಡೆಯುತ್ತಾ?

ಆರ್‌ಎನ್‌ಎ ಎಣ್ಣೆ, ಅಂದರೆ ಜೀವಕೋಶಗಳಲ್ಲಿರುವ ಆರ್‌ಎನ್‌ಎ ಅನ್ನೋ ವಸ್ತುವಿನಿಂದಲೇ ಮಾಡಿದ ಕೀಟನಾಶಕ, ಸುಳ್ಳು ಸುದ್ದಿ ಏನಲ್ಲ. ಅಮೆರಿಕದಲ್ಲಿ ಆಲೂಗಡ್ಡೆ ಬೆಳೆಗೆ ಅದಕ್ಕೆ ಅನುಮತಿ ಸಿಕ್ಕಿದೆ. ಆದರೆ ಆ ಎಣ್ಣೆಯನ್ನು ತಂದು ನಮ್ಮ ತೊಗರಿಗೆ ಹೊಡೆದರೆ ಕಾಯಿ ಕೊರೆಯುವ ಒಂದು ಕೀಡೆಯೂ ಸಾಯುವುದಿಲ್ಲ. ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ವಾಟ್ಸಾಪ್‌ನಲ್ಲಿ ಬರುತ್ತಿರುವ ವಿಡಿಯೊಗಳಲ್ಲಿ ಅರ್ಧ ಮಾತು ಮಾತ್ರ ಇರುತ್ತದೆ. ಆಳಂದ ಕಡೆಯ ನಮ್ಮ ಕಾಕಾ ಅಂಥದ್ದೇ ಒಂದನ್ನು ನೋಡಿ ಫೋನ್ ಮಾಡಿದ್ದರು. "ನೀ ಬಯಾಲಜಿ ಓದೀದಿ, ಹೇಳು ತಮ್ಮಾ, ಆ ಎಣ್ಣಿ ನಮ್ಮ ಕಡಿ ಯಾವಾಗ ಬರ್ತದ?" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅದು ಕೆಲಸ ಮಾಡುವ ಬಗೆ ತಿಳಿಯೋಣ. ಜೀವಕೋಶದೊಳಗಿನ ಡಿಎನ್‌ಎಯಲ್ಲಿ ಯಾವ ಪ್ರೋಟೀನು ಹೇಗೆ ಮಾಡಬೇಕು ಅನ್ನೋದೆಲ್ಲ ಬರೆದಿರುತ್ತದೆ. ಆದರೆ ಡಿಎನ್‌ಎ ತನ್ನ ಜಾಗ ಬಿಟ್ಟು ಹೊರಗೆ ಬರುವುದಿಲ್ಲ. ತಹಸೀಲ್ದಾರ್ ಕಚೇರಿಯ ಬೀರುವಿನಲ್ಲಿ ಮೂಲ ದಾಖಲೆ ಇದ್ದು, ಹೊರಗೆಲ್ಲ ಅದರ ಝೆರಾಕ್ಸ್ ಓಡಾಡುವ ಹಾಗೆ, ಬೇಕಾದ ಜೀನಿನ, ಅಂದರೆ ಡಿಎನ್‌ಎಯಲ್ಲಿ ಒಂದು ಪ್ರೋಟೀನಿನ ಬರಹವಿರುವ ಭಾಗದ, ನಕಲು ಮಾತ್ರ ಹೊರಗೆ ಬರುತ್ತದೆ. ಆ ನಕಲೇ ಮೆಸೆಂಜರ್ ಆರ್‌ಎನ್‌ಎ. ಅದನ್ನು ಓದಿಕೊಂಡು ಕೋಶ ಪ್ರೋಟೀನು ತಯಾರಿಸುತ್ತದೆ. ಮೂಲಕ್ಕೆ ಕೈ ಹಚ್ಚದೆ, ಹೊರಗೆ ಬಂದ ನಕಲುಗಳನ್ನು ಮಾತ್ರ ಹರಿದು ಹಾಕುತ್ತಾ ಹೋದರೆ ಆ ಜೀನು ಇದ್ದೂ ಇಲ್ಲದ ಹಾಗೆ. ಜೀನ್ ಸೈಲೆನ್ಸಿಂಗ್ ಅಂದರೆ ಇಷ್ಟೇ.

ಈ ಹರಿಯುವ ಕೆಲಸವನ್ನು ಮಾಡುವುದು ಹುಳದ ಕೋಶವೇ. ಮೆಸೆಂಜರ್ ಆರ್‌ಎನ್‌ಎ ಒಂಟಿ ಎಳೆ. ಎರಡೆಳೆ ಹೆಣೆದುಕೊಂಡ ಉದ್ದನೆಯ ಆರ್‌ಎನ್‌ಎ ಕಂಡರೆ ಕೋಶ ಅದನ್ನು ವೈರಸ್ ಅಂತ ತಿಳಿಯುತ್ತದೆ. ಎಷ್ಟೋ ವೈರಸ್‌ಗಳು ಕೋಶದೊಳಗೆ ಬೆಳೆಯುವಾಗ ಇಂಥ ಜೋಡಿ ಎಳೆ ಹುಟ್ಟುತ್ತದೆ, ಅದಕ್ಕೆ. ಆಗ ಡೈಸರ್ ಅನ್ನೋ ಕಿಣ್ವ ಬಂದು ಅದನ್ನು ಸುಮಾರು 21 ಅಕ್ಷರದ (ಆರ್‌ಎನ್‌ಎ ಎಳೆ ಮಣಿಸರದ ಹಾಗೆ, ಒಂದೊಂದು ಮಣಿಯೂ ಒಂದು ಅಕ್ಷರ) ತುಂಡುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಅನ್ನೋ ಇನ್ನೊಂದು ಪ್ರೋಟೀನು ಒಂದು ತುಂಡನ್ನು ಹಿಡಿದುಕೊಂಡು, ಅದಕ್ಕೆ ಅಕ್ಷರಕ್ಕಕ್ಷರ ಹೊಂದುವ ನಕಲು ಸಿಕ್ಕಲ್ಲೆಲ್ಲ ಕತ್ತರಿಸುತ್ತಾ ಹೋಗುತ್ತದೆ. ಹಾಗಾಗಿ ಹುಳ ಬದುಕಲು ಬೇಕೇಬೇಕಾದ ಒಂದು ಜೀನನ್ನು ಆರಿಸಿ, ಅದೇ ಅಕ್ಷರಗಳ ಜೋಡಿ ಎಳೆಯ ಆರ್‌ಎನ್‌ಎ ಮಾಡಿ ತಿನ್ನಿಸಿದರೆ, ಹುಳ ತನ್ನ ಜೀನಿನ ಬಾಯಿ ತಾನೇ ಮುಚ್ಚುತ್ತದೆ.

ಇದರ ಸುಳಿವು ಮೊದಲು ಸಿಕ್ಕಿದ್ದು ಹೂವಿನಲ್ಲಿ. 1990ರಲ್ಲಿ ಅಮೆರಿಕದ ವಿಜ್ಞಾನಿಗಳು ಪೆಟೂನಿಯ ಹೂವಿನ ನೇರಳೆ ಬಣ್ಣ ಇನ್ನೂ ಗಾಢವಾಗಲಿ ಅಂತ ಬಣ್ಣದ ಜೀನನ್ನು ಇನ್ನೊಂದು ಸೇರಿಸಿದರು. ಎಷ್ಟೋ ಗಿಡಗಳಲ್ಲಿ ಬಣ್ಣವೇ ಹೋಗಿ ಬಿಳಿ ಹೂ ಬಿಟ್ಟವು. ಅದರ ಗುಟ್ಟು ತಿಳಿದದ್ದು 1998ರಲ್ಲಿ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರ ತಂಡ ಮಣ್ಣಿನಲ್ಲಿರುವ ಒಂದು ಸಣ್ಣ ದುಂಡುಹುಳಕ್ಕೆ ಜೋಡಿ ಎಳೆಯ ಆರ್‌ಎನ್‌ಎ ಚುಚ್ಚಿ ತೋರಿಸಿತು. ಒಂಟಿ ಎಳೆ ಚುಚ್ಚಿದಾಗ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ, ಜೋಡಿ ಎಳೆ ಚುಚ್ಚಿದಾಗ ಜೀನು ಬಂದ್ ಆಯಿತು. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇನ್ನು ಬೆಳೆಯ ಮಾತು. 2007ರಲ್ಲಿ ಎರಡು ಕೆಲಸ ಒಟ್ಟಿಗೇ ಪ್ರಕಟವಾದವು. ಒಂದು ಅಮೆರಿಕದ್ದು, ಮೆಕ್ಕೆಜೋಳದ ಬೇರು ತಿನ್ನುವ ದುಂಬಿಯ (ಬೀಟಲ್) ಮರಿ ಮೇಲೆ. ಇನ್ನೊಂದು ಚೀನಾದ್ದು, ಹತ್ತಿಯ ಹಸಿರು ಕಾಯಿಕೊರಕದ ಮೇಲೆ. ಈ ಎರಡನೆಯದು ನಮಗೆ ಬಹಳ ಮುಖ್ಯ. ಯಾಕಂದರೆ ಹತ್ತಿಯ ಆ ಹಸಿರು ಕೀಡೆಯೇ ನಮ್ಮ ತೊಗರಿಯ ಕಾಯಿಕೊರಕ, ಹೆಲಿಕೋವರ್ಪ ಆರ್ಮಿಜೆರ. ದುಂಬಿಯ ಮರಿಗಳು ಸತ್ತವು. ಆದರೆ ಕೀಡೆಯಲ್ಲಿ ಹತ್ತಿ ಗಿಡದ ವಿಷವನ್ನು ಅರಗಿಸಿಕೊಳ್ಳುವ ಜೀನನ್ನು ಬಂದ್ ಮಾಡಿದಾಗ, ಆ ವಿಷವಿರುವ ಆಹಾರದ ಮೇಲೆ ಅದರ ಬೆಳವಣಿಗೆ ಕುಂಠಿತವಾಯಿತು, ಅಷ್ಟೇ. ದುಂಬಿಗೂ ಕೀಡೆಗೂ ಇರುವ ಈ ವ್ಯತ್ಯಾಸ ಆಮೇಲೂ ಹಾಗೇ ಉಳಿಯಿತು. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದೇ ಇಲ್ಲಿ.

ಇಲ್ಲಿಯವರೆಗೆ ಹೊಲಕ್ಕೆ ಬಂದ ಎರಡು ಹೆಸರಾಂತ ಸರಕೂ ದುಂಬಿಗಳ ಮೇಲಿನದ್ದೇ ನೋಡಿ. ಮೆಕ್ಕೆಜೋಳದ ಗಿಡವೇ ಆರ್‌ಎನ್‌ಎ ತಯಾರಿಸಿ ಬೇರು ತಿನ್ನುವ ದುಂಬಿಮರಿಯ ಸ್ನಫ್7 ಅನ್ನೋ ಜೀನನ್ನು ಬಂದ್ ಮಾಡುವ ತಳಿಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಮಾರಾಟ ಶುರುವಾದದ್ದು 2022ರಲ್ಲಿ. ಸಿಂಪಡಿಸುವ ಎಣ್ಣೆಯ ಹೆಸರು ಕ್ಯಾಲಾಂಥ, ಅದರೊಳಗಿನ ಆರ್‌ಎನ್‌ಎ ಹೆಸರು ಲೆಡ್‌ಪ್ರೋನಾ. ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆ ಇಪಿಎ 2023ರ ಡಿಸೆಂಬರ್‌ನಲ್ಲಿ ನೋಂದಣಿ ಕೊಟ್ಟಿತು. ಹೆಕ್ಟೇರಿಗೆ 10 ಗ್ರಾಂ ಆಸುಪಾಸು ಸಾಕು. ಅದು ಕೊಲ್ಲುವುದು ಕೊಲರಾಡೊ ಆಲೂಗಡ್ಡೆ ದುಂಬಿಯನ್ನು. 50ಕ್ಕೂ ಹೆಚ್ಚು ಕೀಟನಾಶಕಗಳನ್ನು ಅರಗಿಸಿಕೊಂಡು ಕೂತ ದುಂಬಿ ಅದು, ಅಲ್ಲಿನ ರೈತರಿಗೆ ದೊಡ್ಡ ತಲೆನೋವು. ನಮ್ಮ ದೇಶದಲ್ಲಿ ಆ ದುಂಬಿ ಇಲ್ಲ. ಎಣ್ಣೆಯಲ್ಲಿರುವ ಅಕ್ಷರಗಳು ಆ ದುಂಬಿಯ ಜೀನಿಗೆ ಹೊಂದುವಂತೆ ಮಾಡಿದವು. ನಮ್ಮ ಕೀಡೆಯ ಜೀನಿನ ಅಕ್ಷರಗಳೇ ಬೇರೆ.

ಸರಿ, ನಮ್ಮ ಕೀಡೆಯ ಅಕ್ಷರಗಳಲ್ಲೇ ಇನ್ನೊಂದು ಎಣ್ಣೆ ಮಾಡಿದರಾಯಿತಲ್ವಾ? ಎಲ್ಲರೂ ಕೇಳುವ ಪ್ರಶ್ನೆ ಇದೇ.

ಕಷ್ಟ ಇರುವುದು ಕೀಡೆಯ ಹೊಟ್ಟೆಯಲ್ಲಿ. ದುಂಬಿಯ ಕರುಳಿನಲ್ಲಿ ಆರ್‌ಎನ್‌ಎ ಸ್ವಲ್ಪ ಹೊತ್ತು ಉಳಿಯುತ್ತದೆ, ಕೋಶದೊಳಗೆ ಹೋಗುತ್ತದೆ. ಪತಂಗದ ಮರಿಗಳ, ಅಂದರೆ ನಮ್ಮ ಕೀಡೆಗಳ, ಕರುಳು ಬಹಳ ಕ್ಷಾರ, ಪಿಎಚ್ 9ರಿಂದ 10ರ ಹತ್ತಿರ ಹೋಗುತ್ತದೆ. ಅದರ ಜೊತೆಗೆ ಆರ್‌ಎನ್‌ಎಯನ್ನು ಚೂರುಚೂರು ಮಾಡುವ ಕಿಣ್ವಗಳು ಅಲ್ಲಿ ಜಾಸ್ತಿ. ತಿಂದ ಆರ್‌ಎನ್‌ಎ ಕೋಶ ಮುಟ್ಟುವ ಮೊದಲೇ ಮುಗಿದುಹೋಗಿರುತ್ತದೆ. ಅಲ್ಪಸ್ವಲ್ಪ ಉಳಿದು ಕೋಶದೊಳಗೆ ಹೊಕ್ಕರೂ, ಅದನ್ನು ಒಳಗೆ ತಂದ ಸಣ್ಣ ಪೊರೆಚೀಲದಲ್ಲೇ ಸಿಕ್ಕಿಬಿದ್ದು ಡೈಸರ್ ಇರುವ ಜಾಗಕ್ಕೆ ತಲುಪುವುದಿಲ್ಲ. ಲ್ಯಾಬಿನಲ್ಲಿ ಚುಚ್ಚಿ ತೋರಿಸಬಹುದು. ಹೊಲದಲ್ಲಿ ಒಂದೊಂದು ಕೀಡೆಗೆ ಸೂಜಿ ಚುಚ್ಚಲು ಆಗುತ್ತದೆಯೇ?

ಇನ್ನೊಂದು ತೊಡಕು ಹೊಲದಲ್ಲೇ ಕಾಣುತ್ತದೆ. ಪತಂಗ ತೊಗರಿಯ ಮೊಗ್ಗು ಹೂವಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ, ಗಸಗಸೆಯಷ್ಟು ಸಣ್ಣದು, ಬಿಳಿಹಳದಿ ಬಣ್ಣ. ಮರಿ ಮೊದಲು ಮೊಗ್ಗು, ಹೂ ಕೆರೆದು ತಿನ್ನುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಕಾಯಿಗೆ ದುಂಡನೆಯ ತೂತು ಕೊರೆದು ತಲೆಯನ್ನು ಒಳಗೆ ಹಾಕುತ್ತದೆ, ಹಿಂದಿನ ಅರ್ಧ ಮೈ ಹೊರಗೇ ಜೋತಾಡುತ್ತಿರುತ್ತದೆ. ಆ ಹೊತ್ತಿನಲ್ಲಿ ಅದರ ಬಾಯಿ ಇರುವುದು ಕಾಯೊಳಗಿನ ಹಸಿ ಕಾಳಿನ ಮೇಲೆ. ನಾವು ಹೊಡೆದದ್ದು ಕಾಯಿ ಸಿಪ್ಪೆಯ ಮೇಲೆ ಕೂತಿರುತ್ತದೆ. ಮೈಗೆ ತಾಗಿದರೆ ಸಾಯುವ ವಿಷವಾದರೆ ನಡೆದೀತು. ಆರ್‌ಎನ್‌ಎಯನ್ನು ಅದು ತಿನ್ನಲೇಬೇಕು. ಅಂದರೆ ಮೊಗ್ಗು, ಹೂವಿನ ಮೇಲೆ ಮರಿ ಸಣ್ಣದಿರುವಾಗಲೇ ಹೊಡೆಯಬೇಕು. ಒಂದೇ ಗಿಡದಲ್ಲಿ ಮೊಗ್ಗು, ಹೂ, ಕಾಯಿ ಮೂರೂ ಇರುವ ಬೆಳೆಯಲ್ಲಿ ಆ ವೇಳೆ ಹಿಡಿಯುವುದು ಸುಲಭ ಅಲ್ಲ. ಮೋಡ ಕವಿದ ವಾರದಲ್ಲಂತೂ ಕೇಳಲೇಬೇಡಿ.

ಹಾಗಂತ ದಾರಿ ಮುಚ್ಚಿಲ್ಲ. ಆರ್‌ಎನ್‌ಎಯನ್ನು ಬರಿಮೈಯಲ್ಲಿ ಕಳಿಸದೆ ಏನಾದರೂ ಹೊದಿಸಿ ಕಳಿಸುವ ಕೆಲಸ ನಡೆದಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ನೀನಾ ಮಿತ್ತರ್ ಅವರ ತಂಡ ಬಹಳ ತೆಳುವಾದ ಜೇಡಿಯ ಹಾಳೆಗಳಿಗೆ ಆರ್‌ಎನ್‌ಎ ಅಂಟಿಸಿ, ಒಂದು ಸಲ ಸಿಂಪಡಿಸಿದರೆ ಎಲೆಗೆ ವೈರಸ್ಸಿನಿಂದ 20 ದಿನ ರಕ್ಷಣೆ ಸಿಗುತ್ತದೆ ಅಂತ 2017ರಲ್ಲಿ ತೋರಿಸಿತು. ನನಗೆ ಇನ್ನೂ ಜಾಸ್ತಿ ಖುಷಿ ಕೊಟ್ಟದ್ದು ಪುಣೆಯ ಕೆಲಸ. ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ಚಿಟೋಸಾನ್ ಅನ್ನೋ ವಸ್ತುವಿನ ಸೂಕ್ಷ್ಮ ಕಣಗಳಲ್ಲಿ ಆರ್‌ಎನ್‌ಎ ಸುತ್ತಿ, ಇದೇ ಕಾಯಿಕೊರಕದ ಮೇಲೆ ಕಡಲೆ ಗಿಡದಲ್ಲಿ ಪ್ರಯೋಗ ಮಾಡಿ, ಕೀಡೆ ಹತೋಟಿಗೆ ಬಂದದ್ದನ್ನು 2021ರಲ್ಲಿ ಪ್ರಕಟಿಸಿದರು. ಕಡಲೆ ನಮ್ಮ ಹಿಂಗಾರಿ ಬೆಳೆ, ತೊಗರಿ ಮುಗಿಸಿದ ಕೀಡೆ ಹೋಗಿ ಕೂರುವುದೇ ಅದರ ಮೇಲೆ. ಇಂಥ ಪ್ರಯೋಗ ಕಲಬುರಗಿಯ ಕಪ್ಪು ಮಣ್ಣಿನಲ್ಲಿ, ಆಳೆತ್ತರದ ತೊಗರಿಯ ಮೇಲೆ, ರೈತರ ಹೊಲದಲ್ಲೇ ನಡೆಯಬೇಕು ಅನ್ನೋದು ನನ್ನ ಆಸೆ. ಕಲಬುರಗಿ ತೊಗರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಇಲ್ಲೇ ಕೃಷಿ ಸಂಶೋಧನಾ ಕೇಂದ್ರ ಇದೆ, ಹತ್ತಿರದಲ್ಲೇ ರಾಯಚೂರು ಕೃಷಿ ವಿಶ್ವವಿದ್ಯಾಲಯ ಇದೆ. ಆಲೂಗಡ್ಡೆ ದುಂಬಿಗೆ ಮಾಡಿದ್ದನ್ನು ಕಾಯುತ್ತಾ ಕೂತರೆ ನಮ್ಮ ಕೀಡೆಗೆ ಉತ್ತರ ಸಿಗುವುದಿಲ್ಲ.

ದುಂಬಿಗಳ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಕೀಟಗಳಲ್ಲಿ ಜೀನ್ ಸೈಲೆನ್ಸಿಂಗ್ ಅತಿ ಚೆನ್ನಾಗಿ ನಡೆಯುವುದು ಯಾವುದರಲ್ಲಿ ಗೊತ್ತಾ? ನಮ್ಮ ಹಿಟ್ಟಿನ ಡಬ್ಬಿಯ ಕೆಂಪು ಹುಳದಲ್ಲಿ. ಹಳೆ ಹಿಟ್ಟು ಜರಡಿ ಹಿಡಿದಾಗ ಮೇಲೆ ಉಳಿದು ಓಡಾಡುತ್ತದಲ್ಲ, 3–4 ಮಿಲಿಮೀಟರ್ ಉದ್ದದ ಕೆಂಪುಕಂದು ಹುಳ, ಅದೇ. ಟ್ರೈಬೋಲಿಯಮ್ ಅಂತ ಅದರ ಹೆಸರು. ಮೈಯಲ್ಲಿ ಎಲ್ಲಿ ಚುಚ್ಚಿದರೂ ಆರ್‌ಎನ್‌ಎಯ ಪರಿಣಾಮ ಇಡೀ ಮೈಗೆ ಹರಡುತ್ತದೆ, ತಾಯಿಗೆ ಚುಚ್ಚಿದರೆ ಮರಿಗಳಲ್ಲೂ ಜೀನು ಬಂದ್ ಆಗಿರುತ್ತದೆ. ಈ ವಿಷಯದ ಎಷ್ಟೋ ಪಾಠಗಳನ್ನು ವಿಜ್ಞಾನಿಗಳು ಕಲಿತದ್ದು ಈ ಹುಳದಿಂದ. ಮನೆಯಲ್ಲಿಟ್ಟ ತೊಗರಿಕಾಳಿಗೆ ತೂತು ಕೊರೆಯುವುದೂ ಒಂದು ದುಂಬಿಯೇ. ಆದರೆ ಅದರ ಮರಿ ಕಾಳಿನ ಒಳಗೇ ಬೆಳೆಯುತ್ತದೆ, ಮೇಲೆ ಸಿಂಪಡಿಸಿದ್ದು ಅದರ ಬಾಯಿಗೆ ಸಿಗುವುದಿಲ್ಲ.

ಜೇನುನೊಣಕ್ಕೆ, ಮನುಷ್ಯರಿಗೆ ಏನಾದರೂ ಆಗುತ್ತದೆಯೇ ಅಂತ ಕೇಳುವವರಿಗೆ: ಅಕ್ಷರ ಹೊಂದದಿದ್ದರೆ ಆ ಆರ್‌ಎನ್‌ಎಗೆ ಹಿಡಿಯಲು ಏನೂ ಇಲ್ಲ, ಹಾಗಾಗಿ ಯಾವ ಅಕ್ಷರಗಳನ್ನು ಆರಿಸಿದ್ದಾರೆ ಅನ್ನೋದನ್ನು ಅನುಮತಿ ಕೊಡುವ ಮೊದಲು ಜೇನು, ಗುಲಗಂಜಿ ದುಂಬಿಯಂಥ ಒಳ್ಳೆ ಕೀಟಗಳ ಜೀನುಗಳ ಜೊತೆ ಹೋಲಿಸಿ ನೋಡುತ್ತಾರೆ. ನಾವು ತಿನ್ನುವ ರೊಟ್ಟಿ, ಪಲ್ಯ, ಬೇಳೆ ಎಲ್ಲದರಲ್ಲೂ ಆರ್‌ಎನ್‌ಎ ಇದೆ, ಹೊಟ್ಟೆಯಲ್ಲಿ ಕರಗುತ್ತದೆ. ಮಣ್ಣಿಗೆ ಬಿದ್ದದ್ದೂ ಒಂದೆರಡು ದಿನಕ್ಕೆ ಹೆಚ್ಚೂಕಡಿಮೆ ಹೋಗಿಬಿಡುತ್ತದೆ. ಇವತ್ತು ನಾವು ಮೂಗಿಗೆ ಬಟ್ಟೆಯೂ ಕಟ್ಟಿಕೊಳ್ಳದೆ ಹೊಡೆಯುವ ಎಣ್ಣೆಗಳ ಪಕ್ಕದಲ್ಲಿಟ್ಟು ನೋಡಿದರೆ ಇದು ದೊಡ್ಡ ಮಾತು.

ನನಗೆ ಹೆಚ್ಚು ಚಿಂತೆ ಇರುವುದು ಕೀಟ ಇದನ್ನೂ ಅರಗಿಸಿಕೊಳ್ಳುವ ಬಗ್ಗೆ. ಯಾದಗಿರಿ ಕಡೆ ಹತ್ತಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೀಡೆಗೆ ವಿಷವಾಗುವ ಪ್ರೋಟೀನನ್ನು ಗಿಡವೇ ಮಾಡುವ ಬಿಟಿ ಹತ್ತಿ 2002ರಲ್ಲಿ ಬಂದಾಗ ಹಸಿರು ಕಾಯಿಕೊರಕ ತಗ್ಗಿತು, ಎಣ್ಣೆಯ ಖರ್ಚು ಇಳಿಯಿತು. ಮುಂದೆ ಗುಲಾಬಿ ಕಾಯಿಕೊರಕ ಬಿಟಿಗೆ ಬಗ್ಗದೆ ಮತ್ತೆ ಬಂತು. ಆರ್‌ಎನ್‌ಎಯಲ್ಲಿ ಅಕ್ಷರ ಬದಲಿಸಿದರೆ ಸಾಕು, ಹೊಸ ಎಣ್ಣೆ ಸಿದ್ಧ ಅಂತ ಮೊದಮೊದಲು ಎಲ್ಲರಿಗೂ ನಂಬಿಕೆ ಇತ್ತು. 2018ರಲ್ಲಿ ಮೆಕ್ಕೆಜೋಳದ ದುಂಬಿಯ ಮೇಲಿನ ಕೆಲಸ ಆ ನಂಬಿಕೆಯನ್ನು ಅಲ್ಲಾಡಿಸಿತು. ಆರ್‌ಎನ್‌ಎಗೆ ಬಗ್ಗದೆ ಉಳಿದ ಆ ದುಂಬಿಗಳು ಕರುಳಿನಲ್ಲಿ ಆರ್‌ಎನ್‌ಎಯನ್ನು ಒಳಗೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದವು. ಹಾಗಾದ ಮೇಲೆ ಯಾವ ಅಕ್ಷರದ್ದನ್ನು ಕೊಟ್ಟರೂ ಒಂದೇ, ಪರೀಕ್ಷಿಸಿದ ಬೇರೆ ಆರ್‌ಎನ್‌ಎಗಳೂ ನಡೆಯಲಿಲ್ಲ. 2021ರಲ್ಲಿ ಆಲೂಗಡ್ಡೆ ದುಂಬಿಯಲ್ಲಿ ಲ್ಯಾಬಿನಲ್ಲಿ ಸಾಯದೆ ಉಳಿದವನ್ನೇ 9 ಸಲ ಆರಿಸುತ್ತಾ ಹೋದಾಗ ತಡೆಯುವ ಶಕ್ತಿ 11,000 ಪಟ್ಟಿಗೂ ಹೆಚ್ಚಾಯಿತು. ಎಣ್ಣೆ ಮಾರುಕಟ್ಟೆಗೆ ಬರುವ ಮೊದಲೇ ಇದು ಗೊತ್ತಾದದ್ದು ಒಳ್ಳೆಯದೇ ಆಯಿತು. ಒಂದೇ ಎಣ್ಣೆಯನ್ನು ಸೀಸನ್ ಪೂರ್ತಿ, ವರ್ಷ ವರ್ಷ ಹೊಡೆದರೆ ಇದೂ ಹಾಳಾಗುತ್ತದೆ.

ಈ ಸಲದ ತೊಗರಿಗೆ ಇರುವುದು ಹಳೆ ಉಪಾಯಗಳೇ, ಅವು ಕಡಿಮೆ ಏನಲ್ಲ. ಮೋಹಕ ಬಲೆ ಕಟ್ಟಿ ಪತಂಗ ಎಷ್ಟು ಬೀಳುತ್ತಿವೆ ನೋಡುತ್ತಿರಿ. ಮೊಟ್ಟೆ ಕಂಡಾಗಲೇ 5 ಪರ್ಸೆಂಟ್ ಬೇವಿನ ಬೀಜದ ಕಷಾಯ, ಮರಿ ಸಣ್ಣದಿರುವಾಗ ಎನ್‌ಪಿವಿ ಅನ್ನೋ ಕೀಡೆ ಕೊಲ್ಲುವ ವೈರಸ್ಸಿನ ದ್ರಾವಣ, ಅದೂ ಸಂಜೆ ಹೊತ್ತು, ಬಿಸಿಲಿಗೆ ಆ ವೈರಸ್ ಬೇಗ ಸಾಯುತ್ತದೆ. ಕೀಡೆ ದೊಡ್ಡದಾಗಿದ್ದರೆ ಸಾಲಿನ ನಡುವೆ ತಾಡಪತ್ರಿಯನ್ನೋ ಹೊಲಿದ ಗೊಬ್ಬರದ ಚೀಲವನ್ನೋ ಹಾಸಿ, ಗಿಡದ ಬೊಡ್ಡೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ನಮ್ಮ ಭಾಗದ ರೈತರು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಾ ಬಂದಿದ್ದಾರೆ. ಎಣ್ಣೆಗೆ ಬಗ್ಗದ ದಪ್ಪ ಕೀಡೆಗಳೇ ಪಟಪಟ ಉದುರುತ್ತವೆ, ಕೋಳಿ ಇದ್ದ ಮನೆಗೆ ಅದು ಮೇವೂ ಆಗುತ್ತದೆ. ಕೂಲಿ ಜಾಸ್ತಿ ಆಗುತ್ತದೆ ನಿಜ, ಆದರೆ ಮನೆಮಂದಿ ಸೇರಿ ಬೆಳಗಿನ ಹೊತ್ತು ಮಾಡಬಹುದು.

ಗೊಬ್ಬರದ ಅಂಗಡಿಯಲ್ಲಿ ಯಾರಾದರೂ ತೊಗರಿಗೆ ಆರ್‌ಎನ್‌ಎ ಎಣ್ಣೆ ಅಂತ ಬಾಟಲಿ ಮುಂದಿಟ್ಟರೆ, ದುಡ್ಡು ಕೊಡುವ ಮೊದಲು ಲೇಬಲ್ ಓದಿ. ಯಾವ ಹುಳಕ್ಕೆ, ಯಾವ ಬೆಳೆಗೆ ಅಂತ ಬರೆದಿರಬೇಕು, ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ನಂಬರ್ ಇರಬೇಕು. ಸುಮ್ನೆ 'ಬಯೋ' ಅಂತಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅನುಮಾನ ಬಂದರೆ ಲೇಬಲ್ಲಿನ ಫೋಟೊ ಕಳಿಸಿ, ಓದಿ ಹೇಳುತ್ತೇನೆ.