‘ನನ್ನ ಕಂಪ್ಯೂಟರಿಗೆ ಯಾವ ರ‍್ಯಾಮ್ ಹಾಕಿಸಲಿ?’

ಕಂಪ್ಯೂಟರ್ ನಿಧಾನವಾದಾಗಲೆಲ್ಲ ಗೆಳೆಯರು, ನೆಂಟರು ನನಗೆ ಕಳಿಸುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ‘ಯಾವ ಕಂಪನಿಯದು ಒಳ್ಳೆಯದು?’ ಕಂಪನಿಯ ಮಾತು ಆಮೇಲೆ. ನಿಮ್ಮ ಮದರ್‌ಬೋರ್ಡ್ ಯಾವುದು, ಪ್ರೊಸೆಸರ್ ಯಾವುದು ಅಂತ ನಾನು ಮೊದಲು ಕೇಳುತ್ತೇನೆ. ಯಾವ ರ‍್ಯಾಮ್ ಕೂರುತ್ತದೆ, ಎಷ್ಟು ಜಿಬಿ ಹಿಡಿಯುತ್ತದೆ, ಎಷ್ಟು ವೇಗದಲ್ಲಿ ಓಡುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದು ಆ ಎರಡೇ.

ಬೋರ್ಡಿನ ಹೆಸರು ತಿಳಿಯಲು ಕ್ಯಾಬಿನೆಟ್ ಬಿಚ್ಚಬೇಕಾಗಿಲ್ಲ. ವಿಂಡೋಸ್‌ನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಅಂತ ಹುಡುಕಿ ತೆರೆದರೆ ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎಂಬ ಸಾಲಿನಲ್ಲಿ ಸಿಗುತ್ತದೆ. ಆ ಹೆಸರಿನಿಂದ ಬೋರ್ಡ್ ತಯಾರಿಸಿದವರ ವೆಬ್‌ಸೈಟಿಗೆ ಹೋಗಿ ಮೆಮೊರಿ ಎಂಬ ಭಾಗವನ್ನು ಓದಿ. ಹತ್ತು ಜನರನ್ನು ಕೇಳುವುದಕ್ಕಿಂತ ಆ ನಾಲ್ಕು ಸಾಲು ಓದುವುದೇ ಮೇಲು.

ಅಲ್ಲಿ ಮೊದಲು ನೋಡಬೇಕಾದದ್ದು ಡಿಡಿಆರ್, ಅಂದರೆ ರ‍್ಯಾಮಿನ ತಲೆಮಾರು, ಎಷ್ಟು ಅಂತ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡೆಸ್ಕ್‌ಟಾಪಿನ ಡಿಡಿಆರ್3ಗೆ 240 ಪಿನ್. ಡಿಡಿಆರ್4 ಮತ್ತು 5 ಎರಡಕ್ಕೂ 288 ಪಿನ್, ಆದರೆ ನಡುವಿನ ಕಚ್ಚು ಇರುವ ಜಾಗ ಬೇರೆ. ವೋಲ್ಟೇಜೂ ಬೇರೆ: ಕ್ರಮವಾಗಿ 1.5, 1.2, 1.1. ಕಚ್ಚು ಸರಿಹೊಂದದಿದ್ದರೆ ದಯವಿಟ್ಟು ಒತ್ತಿ ಕೂರಿಸಬೇಡಿ. ಸ್ಲಾಟ್ ಮುರಿದರೆ ಬೋರ್ಡೇ ಹೋಗುತ್ತದೆ.

ಎಎಂಡಿ ಪ್ರೊಸೆಸರ್ ಇರುವವರಿಗೆ ಲೆಕ್ಕ ಸುಲಭ. ಪ್ರೊಸೆಸರ್ ಕೂರುವ ಸಾಕೆಟ್ ಎಎಂ4 ಅಂದರೆ ಡಿಡಿಆರ್4, ಎಎಂ5 ಅಂದರೆ ಡಿಡಿಆರ್5. ಜನ ಎಡವುವುದು ಇಂಟೆಲ್‌ನ 12, 13, 14ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಲ್ಲಿ. ಇವು ಡಿಡಿಆರ್4 ಮತ್ತು 5 ಎರಡನ್ನೂ ಒಪ್ಪುತ್ತವೆ, ಆದರೆ ಸಾಮಾನ್ಯವಾಗಿ ಒಂದು ಬೋರ್ಡಿನಲ್ಲಿ ಒಂದೇ ಬಗೆಯ ಸ್ಲಾಟ್ ಇರುತ್ತದೆ. ಚಿಪ್‌ಸೆಟ್, ಅಂದರೆ ಬೋರ್ಡಿನ ಮುಖ್ಯ ಚಿಪ್ಪುಗಳ ಗುಂಪು, ಬಿ660 ಅಂತ ಹೇಳಿದರೆ ಸಾಲದು, ಅದೇ ಚಿಪ್‌ಸೆಟ್‌ನಲ್ಲಿ ಎರಡೂ ಬಗೆಯ ಬೋರ್ಡುಗಳು ಬಂದಿವೆ. ಹೆಸರಿನ ಕೊನೆಗೆ ‘ಡಿ4’ ಅಥವಾ ‘ಡಿಡಿಆರ್4’ ಅಂತ ಇದೆಯಾ ನೋಡಿ. ಆ ಒಂದು ಬಾಲ ಗಮನಿಸದೆ ತಂದ ರ‍್ಯಾಮ್ ವಾಪಸ್ ಮಾಡಲು ಮತ್ತೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕಾಗುತ್ತದೆ.

ಈಗಾಗಲೇ ಇರುವ ಸ್ಟಿಕ್ಕಿನ (ರ‍್ಯಾಮ್ ಪಟ್ಟಿಯ) ಜೊತೆ ಇನ್ನೊಂದು ಹಾಕಿಸುವುದಾದರೆ ಹಳೆಯದರ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಎಲ್ಲ ವಿವರವೂ ಇದೆ. ಉದಾಹರಣೆಗೆ ‘8ಜಿಬಿ 1ಆರ್×8 ಪಿಸಿ4-2666ವಿ-ಯುಎ2’ ಅಂತ ಇದೆ ಅಂದುಕೊಳ್ಳಿ. ಪಿಸಿ4 ಅಂದರೆ ಡಿಡಿಆರ್4. 2666 ಅದರ ವೇಗ. 1ಆರ್ ಅಂದರೆ ಒಂದೇ ರ‍್ಯಾಂಕ್, ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಒಂದೇ ಗುಂಪು, ಹೊಸದೂ ಹಾಗೇ ಇದ್ದರೆ ಒಳ್ಳೆಯದು. ನನ್ನ ಕಣ್ಣು ಮೊದಲು ಹೋಗುವುದು ವೇಗದ ನಂತರದ ಅಡ್ಡಗೆರೆ ಆದ ಮೇಲೆ ಬರುವ ಅಕ್ಷರದ ಕಡೆಗೆ. ಯು ಇದ್ದರೆ ಡೆಸ್ಕ್‌ಟಾಪ್, ಎಸ್ ಇದ್ದರೆ ಲ್ಯಾಪ್‌ಟಾಪ್, ಆರ್ ಇದ್ದರೆ ಸರ್ವರ್. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಕಾಣುವ ಸೆಕೆಂಡ್ ಹ್ಯಾಂಡ್ ಡಿಡಿಆರ್4 ಸ್ಟಿಕ್ಕುಗಳಲ್ಲಿ ಈ ಆರ್ ಜಾತಿಯವು ಇರುತ್ತವೆ. ನಿಮ್ಮ ಸ್ಲಾಟಿನಲ್ಲಿ ಚೆನ್ನಾಗಿಯೇ ಕೂರುತ್ತವೆ, ಆದರೆ ಮನೆಯ ಕಂಪ್ಯೂಟರ್ ಆನ್ ಆಗುವುದಿಲ್ಲ. ಮಾರುವವರು ಇದನ್ನು ಎದ್ದು ಕಾಣುವ ಹಾಗೆ ಬರೆಯಬೇಕಿತ್ತು ಅಂತ ನನಗೆ ನಿಜಕ್ಕೂ ಬೇಸರವಿದೆ. ಕಷ್ಟಪಟ್ಟು ದುಡ್ಡು ಕೂಡಿಟ್ಟ ಕಾಲೇಜು ಹುಡುಗರೇ ಜಾಸ್ತಿ ಇದಕ್ಕೆ ಬೀಳುವುದು.

ಕೆಲವು ಲೇಬಲ್ಲುಗಳಲ್ಲಿ 2666ರ ಬದಲು ಪಿಸಿ4-21300 ಅಂತ ಇರುತ್ತದೆ. ಗಾಬರಿ ಬೇಡ. 8ರಿಂದ ಭಾಗಿಸಿದರೆ ಹೆಚ್ಚೂಕಡಿಮೆ ಅದೇ 2666. 25600 ಅಂದರೆ 3200.

ವೇಗ ಹೊಂದದಿದ್ದರೆ ಏನಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಏನೂ ಕೆಡುವುದಿಲ್ಲ. 2400ರ ಪಕ್ಕ 3200 ಹಾಕಿದರೆ ಎರಡೂ 2400ರಲ್ಲಿ ಓಡುತ್ತವೆ. ಎಚ್310 ಚಿಪ್‌ಸೆಟ್ಟಿನ ಬೋರ್ಡಿಗೆ 3200 ತಂದರೂ ಅದು 2666 ದಾಟುವುದಿಲ್ಲ. ಬೆಲೆಯಲ್ಲಿ ವ್ಯತ್ಯಾಸ ಇಲ್ಲದಿದ್ದರೆ 3200 ತೆಗೆದುಕೊಳ್ಳಿ, ಮುಂದೆ ಬೇರೆ ಬೋರ್ಡಿಗೆ ಆದೀತು. ವ್ಯತ್ಯಾಸ ಇದ್ದರೆ ಸುಮ್ನೆ ದುಡ್ಡು ದಂಡ. ಇನ್ನೊಂದು ಕಡೆ, 3600 ಅಂತ ಡಬ್ಬಿಯ ಮೇಲೆ ಬರೆದಿರುವುದನ್ನು ಕೊಂಡು ಹಾಗೇ ಬಿಟ್ಟರೆ ಅದು 2133 ಅಥವಾ 2666ರಲ್ಲೇ ಓಡುತ್ತಿರುತ್ತದೆ. ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ, ಡಬ್ಬಿಯ ಮೇಲಿನ ವೇಗ ಕೊಡಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು. ಎಎಂ5 ಬೋರ್ಡುಗಳಲ್ಲಿ ಅದಕ್ಕೆ ಎಕ್ಸ್‌ಪೋ ಅಂತ ಹೆಸರು.

ಎಷ್ಟು ಜಿಬಿ ಎನ್ನುವುದಕ್ಕೂ ಮಿತಿ ಇದೆ. ಹಳೆಯ ಎಚ್81 ಬೋರ್ಡಿನಲ್ಲಿ ಎರಡೇ ಸ್ಲಾಟ್, ಒಟ್ಟು 16 ಜಿಬಿ. ಅಂದರೆ ಸ್ಲಾಟಿಗೆ 8. ಒಂದೇ 16 ಜಿಬಿ ಸ್ಟಿಕ್ ಹಾಕುತ್ತೇನೆ ಅಂದರೆ ಆಗುವುದಿಲ್ಲ.

ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ: 16 ಬೇಕಿದ್ದರೆ 8ರ ಜೋಡಿ, 32 ಬೇಕಿದ್ದರೆ 16ರ ಜೋಡಿ, ಒಂದೇ ಪ್ಯಾಕೆಟ್ಟಿನಲ್ಲಿ ಬಂದದ್ದು. ರ‍್ಯಾಮಿಗೂ ಪ್ರೊಸೆಸರಿಗೂ ನಡುವಿನ ಎರಡು ದಾರಿಗಳು, ಅಂದರೆ ಎರಡು ಚಾನೆಲ್, ಒಟ್ಟಿಗೆ ಕೆಲಸ ಮಾಡಿದಾಗ, ಅದರಲ್ಲೂ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ, ಆಟವಾಡುವಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟ್ ತುಂಬಿಸುವ ಆಸೆ ಬೇಡ, ವೇಗ ತುಂಬಾ ಇಳಿಯುತ್ತದೆ.

ಇನ್ನು ಕಂಪನಿ. ಕಿಂಗ್‌ಸ್ಟನ್, ಕೋರ್ಸೇರ್, ಜಿ.ಸ್ಕಿಲ್, ಯಾವುದಾದರೂ ಸರಿ. ಬೋರ್ಡ್ ತಯಾರಕರು ಪರೀಕ್ಷೆ ಮಾಡಿದ ಸ್ಟಿಕ್ಕುಗಳ ಪಟ್ಟಿಯನ್ನು ಕ್ಯೂವಿಎಲ್ ಅಂತ ಕೊಟ್ಟಿರುತ್ತಾರೆ. ಅದರಲ್ಲಿ ಇದ್ದರೆ ಒಳ್ಳೆಯದು, ಇಲ್ಲ ಅಂದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ ಅಂತ ಅಲ್ಲ.

ಎಎಂ5 ಬೋರ್ಡಿಗೆ ಹೊಸ ರ‍್ಯಾಮ್ ಹಾಕಿ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಬೋರ್ಡ್ ಆ ರ‍್ಯಾಮಿಗೆ ಹೊಂದಿಕೊಳ್ಳುತ್ತಿರುತ್ತದೆ, ಅಷ್ಟರಲ್ಲಿ ಪವರ್ ತೆಗೆಯಬೇಡಿ. ಕಂಪ್ಯೂಟರ್ ಎದ್ದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಜಿಬಿ, ಎಷ್ಟು ವೇಗ ಅಂತ ನೋಡಿ. ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಹಾಕಿ ಬಿಡಿ. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ ಇನ್ನೊಮ್ಮೆ ಓಡಿಸಿ. ಆಗಲೂ ತಪ್ಪು ಬಂದರೆ ಬಿಲ್ಲಿನ ಸಮೇತ ಅಂಗಡಿಗೆ ಹೋಗಿ ಬದಲಾಯಿಸಿಕೊಳ್ಳಿ.