ಮಗುವಿನ ಮೊದಲ ಕ್ಯಾಮೆರಾ ಯಾವುದಿರಲಿ?

"ಅಣ್ಣಾ, ನಮ್ಮ ಮಗೀಗೆ ಒಂದು ಕ್ಯಾಮೆರಾ ಕೊಡಿಸಬೇಕು. ಯಾವುದು ತಗೊಳ್ಳಲಿ?" ತುಮಕೂರಿನಲ್ಲಿ ಸ್ಟುಡಿಯೊ ಇಟ್ಟುಕೊಂಡಿರುವ ನನಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಸಲು ಬಂದವರು ಕೇಳುತ್ತಾರೆ, ನಾಮಕರಣದ ಆಲ್ಬಮ್ ಒಯ್ಯಲು ಬಂದವರು ಕೇಳುತ್ತಾರೆ. ಮಗುವಿಗೆ ಸಾಮಾನ್ಯವಾಗಿ ಆರೋ ಏಳೋ ಎಂಟೋ ವರ್ಷ. ಅಮ್ಮನ ಫೋನು ಕಿತ್ತುಕೊಂಡು ನಾಯಿ, ಫ್ಯಾನು, ಅಜ್ಜಿಯ ಕಾಲು, ಸಿಕ್ಕಿದ್ದನ್ನೆಲ್ಲ ಹೊಡೆಯುತ್ತಿರುತ್ತದೆ. ಅದನ್ನು ನೋಡಿ ಮನೆಯವರಿಗೆ ಆಸೆ ಹುಟ್ಟಿರುತ್ತದೆ.

ನನ್ನ ಉತ್ತರ ಇದು. ಯಾರೋ ಬಳಸಿ ಬಿಟ್ಟ, ಆದರೆ ಸರಿಯಾಗಿ ಕೆಲಸ ಮಾಡುವ, ಜೇಬಿಗೆ ಹಿಡಿಸುವ ಡಿಜಿಟಲ್ ಕ್ಯಾಮೆರಾ, ಅಂದರೆ ಕಾಂಪ್ಯಾಕ್ಟ್ ಕೊಡಿಸಿ. ಆಟಿಕೆ ಕ್ಯಾಮೆರಾ ಬೇಡ. ಲೆನ್ಸು ಬದಲಿಸಬಹುದಾದ ದೊಡ್ಡ ಕ್ಯಾಮೆರಾ, ಅದೇ ಡಿಎಸ್‌ಎಲ್‌ಆರ್, ಈಗಲೇ ಬೇಡ. ಬೆಲೆ ಎಷ್ಟಿರಬೇಕು ಅಂದರೆ, ನಾಳೆ ಅದು ಮಹಡಿ ಮೆಟ್ಟಿಲಿಂದ ಉರುಳಿ ಒಡೆದರೂ ನೀವು ಮಗುವಿನ ಮೇಲೆ ರೇಗದೆ ಇರುವಷ್ಟು. ಅದು ಒಂದೊಂದು ಮನೆಗೆ ಒಂದೊಂದು ಮೊತ್ತ. ಗಂಡ ಹೆಂಡತಿ ಕೂತು ಅದನ್ನು ಮೊದಲು ಗೊತ್ತುಮಾಡಿಕೊಳ್ಳಿ, ಆಮೇಲೆ ಕ್ಯಾಮೆರಾ ಹುಡುಕಿ.

ಬೆಲೆಯ ಮಾತನ್ನು ಮೊದಲೇ ಎತ್ತಲು ಕಾರಣವಿದೆ. ನಮ್ಮ ಮನೆಗಳಲ್ಲಿ ಕ್ಯಾಮೆರಾ ಅಂದರೆ ಬೀರುವಿನೊಳಗಿನ ವಸ್ತು. ಹಿಂದೆ ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ ಎಷ್ಟೋ ಮನೆಗಳಲ್ಲಿತ್ತು. ಒಂದು ರೋಲಿಗೆ 12 ಚೌಕ ಫೋಟೊ, ಅಷ್ಟೇ. ರೋಲಿಗೂ ದುಡ್ಡು, ತೊಳೆಸಲೂ ದುಡ್ಡು, ಪ್ರಿಂಟಿಗೂ ದುಡ್ಡು. ಮಕ್ಕಳ ಕೈಗೆ ಕೊಡದೆ ಇದ್ದದ್ದರಲ್ಲಿ ನ್ಯಾಯವಿತ್ತು. ಈಗ ಮೆಮೊರಿ ಕಾರ್ಡಿನಲ್ಲಿ ಸಾವಿರಾರು ಫೋಟೊ ಹಿಡಿಸುತ್ತವೆ, ಒಂದಕ್ಕೂ ಖರ್ಚಿಲ್ಲ. ಆದರೆ ‘ಮುಟ್ಟಬೇಡ, ಕೆಟ್ಟುಹೋಗುತ್ತೆ’ ಅನ್ನುವ ಮಾತು ಮಾತ್ರ ಹಾಗೇ ಉಳಿದಿದೆ. ದುಬಾರಿ ಕ್ಯಾಮೆರಾ ತಂದರೆ ಆ ಮಾತು ದಿನಾ ಬಾಯಿಗೆ ಬರುತ್ತದೆ. ಸ್ವಲ್ಪ ದಿನಕ್ಕೆ ಕ್ಯಾಮೆರಾ ಮತ್ತೆ ಬೀರು ಸೇರುತ್ತದೆ.

ಮಕ್ಕಳಿಗೆ ನಿಜವಾದ ಕ್ಯಾಮೆರಾ ಕೊಡುವುದು ಹೊಸ ಯೋಚನೆಯೂ ಅಲ್ಲ. 1900ರಲ್ಲಿ ಅಮೆರಿಕದ ಕೊಡ್ಯಾಕ್ ಕಂಪನಿ ಬ್ರೌನಿ ಅನ್ನುವ ರಟ್ಟಿನ ಪೆಟ್ಟಿಗೆಯ ಕ್ಯಾಮೆರಾ ತಂದಿತು. ಬೆಲೆ 1 ಡಾಲರ್. ಮಕ್ಕಳ ಕಥೆಗಳಲ್ಲಿ ಬರುತ್ತಿದ್ದ ಪುಟ್ಟ ಯಕ್ಷರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಮೊದಲ ವರ್ಷವೇ ಲಕ್ಷಕ್ಕಿಂತ ಜಾಸ್ತಿ ಮಾರಾಟವಾಯಿತು. 1916ರಲ್ಲಿ ಯೊಸೆಮಿಟಿ ಕಣಿವೆಗೆ ಅಪ್ಪ ಅಮ್ಮನ ಜೊತೆ ಹೋದ 14 ವರ್ಷದ ಹುಡುಗನ ಕೈಯಲ್ಲಿ ಇದ್ದದ್ದೂ ಒಂದು ಬ್ರೌನಿ. ಅವನೇ ಆನ್ಸೆಲ್ ಆಡಮ್ಸ್. ಮುಂದೆ ಅದೇ ಕಣಿವೆಯ ಕಪ್ಪು ಬಿಳುಪು ಚಿತ್ರಗಳಿಂದ ಜಗತ್ತಿಗೆಲ್ಲ ಗೊತ್ತಾದವನು. ಬ್ರೌನಿ ಅಗ್ಗದ್ದು ನಿಜ, ಆದರೆ ಆಟಿಕೆಯಲ್ಲ. ಅದರಲ್ಲಿ ನಿಜವಾದ ಫಿಲ್ಮ್ ಇತ್ತು, ನಿಜವಾದ ಫೋಟೊ ಬರುತ್ತಿತ್ತು.

ಈಗಿನ ಆಟಿಕೆ ಕ್ಯಾಮೆರಾಗಳ ಮೇಲೆ ನನಗೆ ಇರುವ ದೂರೇ ಅದು. ಗುಲಾಬಿ, ನೀಲಿ ಬಣ್ಣ, ಬೆಕ್ಕಿನ ಕಿವಿ, ಒಳಗೆ ಮೂರು ನಾಲ್ಕು ಗೇಮು. ಡಬ್ಬದ ಮೇಲೆ ದೊಡ್ಡ ಮೆಗಾಪಿಕ್ಸೆಲ್ ಸಂಖ್ಯೆ ಇರುತ್ತದೆ. ಎಷ್ಟೋ ಸಲ ಅದು ಸಣ್ಣ ಚಿತ್ರವನ್ನು ಸಾಫ್ಟ್‌ವೇರ್ ಎಳೆದು ದೊಡ್ಡದು ಮಾಡಿದ ಲೆಕ್ಕ. ಲೆನ್ಸು ಒಂದೇ ದೂರಕ್ಕೆ ಫೋಕಸ್ ಆಗಿ ಕೂತಿರುತ್ತದೆ, ಹತ್ತಿರದ ಹೂವಿಗೆ ಹಿಡಿದರೆ ಮಸುಕು. ಮನೆಯೊಳಗಿನ ಬೆಳಕಿನಲ್ಲಿ ಮುಖ ಗುರುತು ಹಿಡಿಯುವುದೇ ಕಷ್ಟ. ಮೂರು ನಾಲ್ಕು ವರ್ಷದ ಮಗುವಿಗೆ ಒತ್ತಿದರೆ ಸದ್ದು ಬಂದರೆ ಸಾಕು, ಅದಕ್ಕೆ ಇದು ಸರಿ. ಆರು ವರ್ಷದ ಮಗುವಿಗೆ ಆಗಲೇ ಕಣ್ಣಿದೆ. ದಾಸವಾಳದ ಮೇಲೆ ಇರುವೆ ಹತ್ತುವುದನ್ನು ನೋಡಿ ಕ್ಲಿಕ್ ಮಾಡಿರುತ್ತದೆ. ಫೋಟೊದಲ್ಲಿ ಇರುವೆ ಇಲ್ಲ, ಕೆಂಪು ಕಲೆ ಮಾತ್ರ ಇದೆ. ಕ್ಯಾಮೆರಾ ಚೆನ್ನಾಗಿಲ್ಲ ಅಂತ ಮಗುವಿಗೆ ಹೊಳೆಯುವುದಿಲ್ಲ. ‘ನಂಗೆ ಬರಲ್ಲ’ ಅಂದುಕೊಂಡು ಪಕ್ಕಕ್ಕೆ ಇಡುತ್ತದೆ. ಇದನ್ನು ನೆನೆದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಡಿಎಸ್‌ಎಲ್‌ಆರ್ ಬೇಡ ಅನ್ನುವುದಕ್ಕೆ ಕಾರಣ ಬೇರೆ. ಕ್ಯಾನನ್ 1500ಡಿ ಅಂಥ ಚಿಕ್ಕದೂ ಲೆನ್ಸು ಸೇರಿ 650 ಗ್ರಾಮಿಗಿಂತ ಜಾಸ್ತಿ ತೂಗುತ್ತದೆ. ಏಳು ವರ್ಷದ ಮಗುವಿಗೆ ಹಿಡಿ ತುಂಬಿ, ಬೆರಳು ಬಟನ್‌ಗೆ ಎಟುಕುವಷ್ಟರಲ್ಲಿ ಅಳಿಲು ಮರ ಹತ್ತಿ ಹೋಗಿರುತ್ತದೆ. ಇನ್ನೊಂದು ಮುಖ್ಯ ವಿಷಯ: ಡಿಎಸ್‌ಎಲ್‌ಆರ್ ಕಿಂಡಿಯೊಳಗೆ ಕಣ್ಣಿಟ್ಟು ಸೂರ್ಯನನ್ನು ನೋಡಿದರೆ ಕಣ್ಣಿಗೆ ಅಪಾಯ. ದೊಡ್ಡವರಿಗೆ ಅದು ನೆನಪಿರುತ್ತದೆ, ಮಗುವಿಗೆ ಇರುವುದಿಲ್ಲ.

ಹಾಗಾದರೆ ಫೋನೇ ಸಾಕಲ್ವಾ? ಫೋಟೊ ಚೆನ್ನಾಗಿಯೇ ಬರುತ್ತದೆ. ಆದರೆ ಅದು ಮಗುವಿನದಲ್ಲ. ಕರೆ ಬಂದರೆ ‘ಕೊಡು ಇಲ್ಲಿ’, ಚಾರ್ಜ್ ಇಲ್ಲದಿದ್ದರೆ ‘ಬಿಡು ಈಗ’. ಇಲ್ಲವೇ ಎರಡು ಫೋಟೊ ಆದಮೇಲೆ ವಿಡಿಯೊ ನೋಡುತ್ತ ಕೂತಿರುತ್ತದೆ. ಕ್ಯಾಮೆರಾದಲ್ಲಿ ಮಾಡಲು ಬೇರೆ ಕೆಲಸವೇ ಇಲ್ಲ.

ಈಗ ಹಳೆಯ ಕಾಂಪ್ಯಾಕ್ಟ್ ಎಲ್ಲಿ ಸಿಗುತ್ತದೆ ಅನ್ನುವ ವಿಷಯ. ಮೊದಲು ನೆಂಟರನ್ನು ಕೇಳಿ. 2008ರಿಂದ 2014ರವರೆಗೆ ಮದುವೆ, ಪ್ರವಾಸ ಅಂತ ಬೇಕಾದಷ್ಟು ಮನೆಗಳು ಒಂದೊಂದು ಡಿಜಿಟಲ್ ಕ್ಯಾಮೆರಾ ಕೊಂಡವು. ಕ್ಯಾನನ್ ಪವರ್‌ಶಾಟ್, ನಿಕಾನ್ ಕೂಲ್‌ಪಿಕ್ಸ್, ಸೋನಿ ಸೈಬರ್‌ಶಾಟ್. ಫೋನು ಬಂದಮೇಲೆ ಎಲ್ಲ ಡ್ರಾಯರಿನಲ್ಲಿ ಮಲಗಿವೆ. ಚಿಕ್ಕಪ್ಪನೋ ಸೋದರತ್ತೆಯೋ ಸುಮ್ನೆ ಕೊಟ್ಟುಬಿಡುತ್ತಾರೆ. ಅಂಗಡಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಹುಷಾರು. ಕಾಲೇಜು ಮಕ್ಕಳಿಗೆ ಹಳೆಯ ಡಿಜಿಟಲ್ ಫೋಟೊದ ಬಣ್ಣದ ಮೇಲೆ ಈಗ ಮೋಹ ಹತ್ತಿದೆ, ಅದಕ್ಕೇ ಬೆಲೆ ಏರಿದೆ. ಫ್ಯಾಷನ್‌ಗಾಗಿ ಬೆಲೆ ಏರಿದ ಮಾಡೆಲ್ಲೇ ಬೇಕು ಅಂತೇನೂ ಇಲ್ಲ.

ಕೈಗೆ ಬಂದಮೇಲೆ ಏನೇನು ನೋಡಬೇಕು? ಆನ್ ಮಾಡಿದಾಗ ಲೆನ್ಸು ಸಲೀಸಾಗಿ ಹೊರಗೆ ಬರಬೇಕು. ಕರಕರ ಅಂದರೆ ಒಳಗೆ ಮರಳು ಸೇರಿದೆ, ಬಿಟ್ಟುಬಿಡಿ. ಬ್ಯಾಟರಿ ಮುಚ್ಚಳದ ಪ್ಲಾಸ್ಟಿಕ್ ಕೊಂಡಿ ನೋಡಿ. ಪೆನ್ಸಿಲ್ ಸೆಲ್ ಹಾಕುವ ಹಳೆಯ ಕ್ಯಾಮೆರಾಗಳಲ್ಲಿ ಮೊದಲು ಮುರಿಯುವುದು ಅದೇ. ಕಾರ್ಡು ಎಸ್‌ಡಿ ಆಗಿರಲಿ. ಎಕ್ಸ್‌ಡಿ ಕಾರ್ಡಿನ ಹಳೆಯ ಒಲಿಂಪಸ್, ಮೆಮೊರಿ ಸ್ಟಿಕ್ಕಿನ ಹಳೆಯ ಸೋನಿ ಚೆನ್ನಾಗಿದ್ದರೂ ಕಾರ್ಡು ಹುಡುಕುವುದರಲ್ಲಿ ಸುಸ್ತಾಗುತ್ತೀರಿ. 2006ಕ್ಕಿಂತ ಹಳೆಯ ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡು ಓದುವುದಿಲ್ಲ. ಅಂಗಡಿಯಲ್ಲಿ ಈಗ ಸಿಗುವುದು ದೊಡ್ಡವೇ. ಆದ್ದರಿಂದ ಅಷ್ಟು ಹಳೆಯದು ಬೇಡ.

ಬ್ಯಾಟರಿಯ ವಿಷಯದಲ್ಲಿ ನನ್ನ ಒಲವು ಪೆನ್ಸಿಲ್ ಸೆಲ್ ಕಡೆಗೆ. ಎರಡು ಎಎ ಸೆಲ್ ಹಾಕಿದರೆ ಆಯಿತು, ಕ್ಯಾತ್ಸಂದ್ರದ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಹಾಕಬೇಡಿ. ಲೆನ್ಸು ತಳ್ಳುವುದಕ್ಕೆ, ಫ್ಲ್ಯಾಶ್ ತುಂಬುವುದಕ್ಕೆ ಒಮ್ಮೆಗೇ ಬೇಕಾಗುವ ಶಕ್ತಿ ಅದರಲ್ಲಿಲ್ಲ. ಆನ್ ಆದ ಕೂಡಲೇ ‘ಬ್ಯಾಟರಿ ಬದಲಿಸಿ’ ಅನ್ನುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂತ ನನ್ನ ಹತ್ತಿರ ತರುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ. ಆಲ್ಕಲೈನ್ ಸೆಲ್ ಹಾಕಿ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಆದರೆ ಇನ್ನೂ ಒಳ್ಳೆಯದು. ನಾಲ್ಕು ಕೊಂಡರೆ ಎರಡು ಕ್ಯಾಮೆರಾದಲ್ಲಿ, ಎರಡು ಚಾರ್ಜಿಗೆ. ಲಿಥಿಯಂ ಬ್ಯಾಟರಿಯ ಕ್ಯಾಮೆರಾ ಸಿಕ್ಕಿದರೆ ಬ್ಯಾಟರಿ ಉಬ್ಬಿದೆಯೇ ಅಂತ ಸವರಿ ನೋಡಿ. ಉಬ್ಬಿದ್ದರೆ ಅದನ್ನು ಮಗುವಿನ ಕೈಗೆ ಕೊಡಲೇಬೇಡಿ, ಹೊಸದು ಹಾಕಿಸಿ.

ಕಣ್ಣಿಟ್ಟು ನೋಡುವ ಕಿಂಡಿ ಇರುವ ಕಾಂಪ್ಯಾಕ್ಟ್ ಸಿಕ್ಕಿದರೆ ಬಿಡಬೇಡಿ. 2011ರಲ್ಲಿ ಬಂದ ಕ್ಯಾನನ್ ಪವರ್‌ಶಾಟ್ ಎ1200ರಲ್ಲಿ ಅದಿದೆ, ಎರಡು ಎಎ ಸೆಲ್ಲೂ ಹಿಡಿಸುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಪರದೆ ಮೇಲೆ ಏನೂ ಕಾಣುವುದಿಲ್ಲ. ಮಗು ಕಿಂಡಿಯಲ್ಲಿ ನೋಡಿದರೆ ಕ್ಯಾಮೆರಾ ಹಣೆಗೆ ಒತ್ತಿ ನಿಲ್ಲುತ್ತದೆ, ಕೈ ಅಲುಗಾಟವೂ ಕಡಿಮೆಯಾಗುತ್ತದೆ. ಈ ಕಿಂಡಿಯಿಂದಲೂ ಸೂರ್ಯನ ಕಡೆ ನೋಡಬಾರದು ಅಂತ ಮೊದಲ ದಿನವೇ ಹೇಳಿಬಿಡಿ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾವು ಸ್ಟುಡಿಯೊದಲ್ಲಿ ಹಾಕುವ 4 ಇಂಚು 6 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, 2 ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. 10 ಇದ್ದರೆ ಧಾರಾಳ. ಕುತ್ತಿಗೆಗೆ ನೇತುಹಾಕುವ ಪಟ್ಟಿ ಬೇಡ. ಓಡುವ, ಮರ ಹತ್ತುವ ಮಕ್ಕಳಿಗೆ ಅದು ಎಲ್ಲಾದರೂ ಸಿಕ್ಕಿಕೊಂಡರೆ ಅನಾಹುತ. ಮುಂಗೈಗೆ ಹಾಕುವ ಪಟ್ಟಿ ಸಾಕು.

ನೀರಿನಲ್ಲಿ ಆಡುವ ಮಗುವಾದರೆ ನಿಕಾನ್ ಕೂಲ್‌ಪಿಕ್ಸ್ ಡಬ್ಲ್ಯು100 ಅಥವಾ ಡಬ್ಲ್ಯು150 ಹುಡುಕಬಹುದು. 10 ಮೀಟರ್ ಆಳದ ನೀರನ್ನೂ, 1.8 ಮೀಟರ್ ಎತ್ತರದಿಂದ ಬೀಳುವುದನ್ನೂ ತಡೆಯುವಂತೆ ಮಾಡಿದವು. ತಕ್ಷಣ ಪ್ರಿಂಟ್ ಬರುವ ಇನ್‌ಸ್ಟ್ಯಾಕ್ಸ್ ಮಿನಿಯನ್ನು ಮಕ್ಕಳು ತುಂಬ ಇಷ್ಟಪಡುತ್ತಾರೆ. ಆದರೆ ಒಂದು ಪ್ಯಾಕಿನಲ್ಲಿ 10 ಹಾಳೆ, ಹಾಳೆ ಅಗ್ಗವಲ್ಲ. ಮತ್ತೆ ‘ಸುಮ್ನೆ ಹೊಡೆಯಬೇಡ’ ಅನ್ನುವ ಮಾತು ಶುರುವಾಗುತ್ತದೆ. ಹುಟ್ಟುಹಬ್ಬಕ್ಕೆ ಚೆನ್ನ, ಕಲಿಯುವುದಕ್ಕೆ ಅಲ್ಲ.

ಕಲಿಯುವುದು ಅಂದರೆ ನನ್ನ ಮಟ್ಟಿಗೆ ಮೊದಲ ಪಾಠ ಒಂದೇ: ಅರ್ಧ ಒತ್ತುವುದು. ಕಾಂಪ್ಯಾಕ್ಟ್ ಕ್ಯಾಮೆರಾದ ಬಟನ್ ಎರಡು ಹಂತದ್ದು. ಅರ್ಧ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕುತ್ತದೆ, ‘ಬೀಪ್’ ಅನ್ನುತ್ತದೆ, ಪರದೆ ಮೇಲೆ ಹಸಿರು ಚೌಕ ಬರುತ್ತದೆ. ಪೂರ್ತಿ ಒತ್ತಿದರೆ ಫೋಟೊ. ಆಟಿಕೆಯಲ್ಲಿ, ಫೋನಿನಲ್ಲಿ ಈ ನಡುವಿನ ಹಂತ ಇರುವುದಿಲ್ಲ. ಮಕ್ಕಳು ಮೊದಮೊದಲು ಒಂದೇ ಸಲ ಗುದ್ದುತ್ತಾರೆ, ಎಲ್ಲ ಅಲುಗಾಡಿರುತ್ತದೆ. ಬಯ್ಯಬೇಡಿ, ಪಕ್ಕದಲ್ಲಿ ಕೂತು ‘ಹಸಿರು ಬಂತಾ?’ ಅಂತ ಕೇಳಿ. ಸ್ವಲ್ಪ ದಿನದಲ್ಲಿ ಅವರೇ ಹಸಿರಿಗೆ ಕಾಯುತ್ತಾರೆ. ಆಮೇಲೆ ಒಂದು ಖುಷಿಯ ಸಂಗತಿ ನಡೆಯುತ್ತದೆ. ಅರ್ಧ ಒತ್ತಿ ಹಿಡಿದುಕೊಂಡೇ ತಂಗಿ ನಗುವುದಕ್ಕೆ ಕಾಯಲು ಶುರುಮಾಡುತ್ತಾರೆ. ಕರು ತಲೆ ಎತ್ತುವುದಕ್ಕೆ ಕಾಯುತ್ತಾರೆ. ಫೋಕಸ್ ಮೊದಲೇ ಆಗಿರುವುದರಿಂದ ಒತ್ತಿದ ಕ್ಷಣಕ್ಕೇ ಫೋಟೊ ಸಿಗುತ್ತದೆ. ಮದುವೆ ಮನೆಯಲ್ಲಿ ಧಾರೆಯ ಹೊತ್ತಿಗೆ ನಾನು ಮಾಡುವುದೂ ಅದನ್ನೇ. ಆರು ವರ್ಷದ ಮಗು ಅದನ್ನು ತಾನೇ ಕಂಡುಕೊಂಡಾಗ ನನಗೆ ಮೈ ಜುಮ್ ಅನ್ನುತ್ತದೆ.

ಕರೆದುಕೊಂಡು ಹೋಗಲು ಊರಿನ ಸುತ್ತ ಜಾಗಕ್ಕೇನು ಕೊರತೆ? ಬೆಳಗ್ಗೆ ಅಮಾನಿಕೆರೆ ಏರಿ, ನಾಮದ ಚಿಲುಮೆಯ ಜಿಂಕೆಗಳು, ಶಿವರಾತ್ರಿಗೆ ಸಿದ್ಧಗಂಗೆಯ ದನದ ಜಾತ್ರೆ. ಜಾತ್ರೆಯ ಧೂಳು ಲೆನ್ಸಿಗೆ ಒಳ್ಳೆಯದಲ್ಲ, ಬಳಸದಿದ್ದಾಗ ಆಫ್ ಮಾಡಿ ಚೀಲಕ್ಕೆ ಹಾಕಲು ಹೇಳಿ. ದೇವರಾಯನದುರ್ಗದಲ್ಲಿ ಕೋತಿಗಳಿವೆ, ಅಲ್ಲಿ ಕ್ಯಾಮೆರಾ ನಿಮ್ಮ ಕೈಯಲ್ಲಿರಲಿ. ಕೈದಾಳದ ಚನ್ನಕೇಶವ ಗುಡಿಯಂಥ ಮಬ್ಬು ಬೆಳಕಿನಲ್ಲಿ ಚಿಕ್ಕ ಕ್ಯಾಮೆರಾ ಸೋಲುತ್ತದೆ, ಹೊರಗಿನ ಬೆಳಕಿನಲ್ಲೇ ಆಡಲಿ. ಹಕ್ಕಿ ಇಷ್ಟವಾದರೆ ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗಿ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರೇ ಕಾಯುತ್ತಾರೆ. ನಾಲ್ಕೈದು ಪಟ್ಟು ಜೂಮಿನಲ್ಲಿ ಒಂದೇ ಹಕ್ಕಿ ಚೌಕಟ್ಟು ತುಂಬುವುದಿಲ್ಲ, ಆದರೆ ಕೊಕ್ಕರೆ ತುಂಬಿದ ಇಡೀ ಮರ ಸಿಗುತ್ತದೆ. ಮೈದನಹಳ್ಳಿಯ ಕೃಷ್ಣಮೃಗಗಳನ್ನು ಮಾತ್ರ ಈ ಕ್ಯಾಮೆರಾದಿಂದ ನಿರೀಕ್ಷಿಸಬೇಡಿ. ಅವು ದೂರದಲ್ಲೇ ಇರುತ್ತವೆ, ಫೋಟೊದಲ್ಲಿ ಚುಕ್ಕೆಯಾಗುತ್ತವೆ.

ಹೋದಲ್ಲೆಲ್ಲ ‘ಅದನ್ನು ಹೊಡಿ, ಇದನ್ನು ಹೊಡಿ’ ಅನ್ನಬೇಡಿ. ಮಗುವಿನ ಕಣ್ಣು ನಮ್ಮ ಸೊಂಟದ ಎತ್ತರದಲ್ಲಿದೆ, ಅಲ್ಲಿಂದ ಕಾಣುವುದು ನಮಗೆ ಕಾಣುವುದಿಲ್ಲ. ಫ್ರಾನ್ಸಿನ ಜಾಕ್ ಆನ್ರಿ ಲಾರ್ಟಿಗ್ ಹುಡುಗನಾಗಿದ್ದಾಗಲೇ ಅಪ್ಪ ಕ್ಯಾಮೆರಾ ಕೊಡಿಸಿದ್ದರು. ಆಟದ ಕಾರುಗಳನ್ನು ಅವನು ತೆಗೆದದ್ದು ಕ್ಯಾಮೆರಾವನ್ನು ನೆಲದ ಮೇಲಿಟ್ಟು. ದೊಡ್ಡವರು ಯಾರಾದರೂ ಹೇಳಿಕೊಟ್ಟಿದ್ದರೆ ಮೇಜಿನ ಮೇಲೆ ಜೋಡಿಸಿ ತೆಗೆಸುತ್ತಿದ್ದರು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ ಚಿತ್ರಗಳನ್ನು ಪ್ರದರ್ಶಿಸಿದಾಗ ಅವನಿಗೆ 69 ವರ್ಷ. ಜನ ಬೆರಗಾಗಿ ನೋಡಿದ್ದು ಬಹುಪಾಲು ಅವನ ಎಳೆಯ ವಯಸ್ಸಿನ ಫೋಟೊಗಳನ್ನೇ.

ಕಾರ್ಡಿನಲ್ಲಿರುವುದನ್ನು ಅಳಿಸುವ ಅಧಿಕಾರ ಮಗುವಿಗೆ ಮಾತ್ರ ಇರಲಿ. ತಿಂಗಳಿಗೊಮ್ಮೆ ಎಲ್ಲವನ್ನೂ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿಕೊಳ್ಳಿ, ಹಳೆಯ ಕಾರ್ಡುಗಳು ಹೇಳದೆ ಕೇಳದೆ ಕೈಕೊಡುತ್ತವೆ. ಆಮೇಲೆ ಮಗುವನ್ನೇ ಕೂರಿಸಿ ಹತ್ತು ಫೋಟೊ ಆರಿಸಲು ಹೇಳಿ, ಅವನ್ನು ಪ್ರಿಂಟ್ ಹಾಕಿಸಿ. ಯಾವುದೇ ಸ್ಟುಡಿಯೊದಲ್ಲಾದರೂ ಸರಿ. ಇಷ್ಟು ಮಾಡುವವರು ಕಡಿಮೆ. ಕ್ಯಾಮೆರಾಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ, ಪ್ರಿಂಟಿಗೆ ನೂರಿನ್ನೂರು ಖರ್ಚು ಮಾಡಲು ಹಿಂದೆಮುಂದೆ ನೋಡುತ್ತಾರೆ. ಪ್ರಿಂಟು ಕೈಗೆ ಬಂದಾಗ ‘ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ’ ಅನ್ನುವ ಬದಲು ‘ಇದನ್ನು ಯಾಕೆ ಆರಿಸಿದೆ?’ ಅಂತ ಕೇಳಿ ನೋಡಿ. ಉದ್ದುದ್ದ ಕಥೆ ಬರುತ್ತದೆ.

ಮುಂದಿನ ಕ್ಯಾಮೆರಾ ಯಾವಾಗ ಅಂತಲೂ ಕೇಳುತ್ತಾರೆ. ವಯಸ್ಸು ನೋಡಬೇಡಿ, ಮಗು ಕೇಳುವ ಪ್ರಶ್ನೆ ನೋಡಿ. ‘ಓಡುವ ನಾಯಿ ಯಾಕೆ ಮಸುಕಾಗುತ್ತೆ?’, ‘ಹಿಂದೆ ಇರೋದನ್ನ ಮಸುಕು ಮಾಡೋದು ಹೇಗೆ?’, ‘ರಾತ್ರಿ ಫೋಟೊದಲ್ಲಿ ಯಾಕೆ ಚುಕ್ಕೆ ಚುಕ್ಕೆ?’ ಇಂಥವು ಬರಲು ಶುರುವಾದರೆ ಈ ಕ್ಯಾಮೆರಾದ ಕೆಲಸ ಮುಗಿಯುತ್ತ ಬಂತು ಅಂತ ಅರ್ಥ. ಶಟರ್ ವೇಗವನ್ನೂ (ಬೆಳಕು ಒಳಗೆ ಬರುವ ಹೊತ್ತು) ಅಪರ್ಚರ್ ಅನ್ನೂ (ಬೆಳಕು ಬರುವ ತೂತಿನ ಅಳತೆ) ಕೈಯಿಂದಲೇ ಬದಲಿಸಬಹುದಾದ ಕ್ಯಾಮೆರಾ ಬಗ್ಗೆ ಆಗ ಮಾತಾಡೋಣ. ಬರುವಾಗ ಮಗುವನ್ನೂ, ಅದು ಆರಿಸಿದ ಪ್ರಿಂಟುಗಳನ್ನೂ ಜೊತೆಗೆ ತನ್ನಿ. ಹಕ್ಕಿಯ ಹಿಂದೆ ಹೋಗುವ ಮಗುವೋ, ಮನುಷ್ಯರ ಮುಖ ನೋಡುವ ಮಗುವೋ ಅದರಲ್ಲೇ ಗೊತ್ತಾಗುತ್ತದೆ, ಲೆನ್ಸನ್ನು ಅದರ ಮೇಲೆ ಹೇಳುತ್ತೇನೆ.