ಆಗುಂಬೆ ಘಾಟಿ ಇಳಿಯುವ ಮುನ್ನ ಹಿಂದಿನ ಚಕ್ರ ತಿರುಗಿಸಿ ನೋಡಿ

ಬೈಕಿನಲ್ಲಿ ಆಗುಂಬೆ ಮೇಲೆ ಉಡುಪಿಗೆ ಹೊರಟಿದ್ದೀರಾ? ಅದಕ್ಕೆ ಮೊದಲು ಚೈನ್ ಟೈಟ್ ಮಾಡಿಸಿದ್ದರೆ ಇದನ್ನು ಓದಿಯೇ ಹೊರಡಿ.

ನವೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಶಿವಮೊಗ್ಗದಿಂದ ಹೊರಟೆವು. ನಮ್ಮದು 150 ಸಿಸಿ ಗಾಡಿ, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಹಿಂದಿನ ಸಂಜೆಯಷ್ಟೇ ಒಂದು ಗ್ಯಾರೇಜಿನಲ್ಲಿ ಚೈನ್ ಟೈಟ್ ಮಾಡಿಸಿದ್ದೆ. ತೀರ್ಥಹಳ್ಳಿ ದಾಟುವಾಗಲೇ ಗಾಡಿ ಯಾಕೋ ಎಳೆಯುತ್ತಿರಲಿಲ್ಲ. ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಧಾನ ಆಗುತ್ತಿತ್ತು. ಏರುದಾರಿ ಅಲ್ವಾ, ಅದಕ್ಕೇ ಇರಬೇಕು ಅಂದುಕೊಂಡೆ. ಅಲ್ಲೇ ನಿಲ್ಲಿಸಿ ನೋಡಬೇಕಿತ್ತು.

ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮೂರನೆಯದರಲ್ಲಿ ಪೆಡಲ್ ಮೇಲೆ ಸುಮ್ನೆ ಕಾಲಿಟ್ಟೆ ಅಷ್ಟೇ, ಹಿಂದಿನ ಚಕ್ರ ಗಪ್ಪಂತ ಹಿಡಿದು ಗಾಡಿ ಅಡ್ಡಡ್ಡ ಜಾರಿತು. ಹೆಂಡತಿ ನನ್ನ ಭುಜ ಗಟ್ಟಿಯಾಗಿ ಹಿಡಿದಳು. ಹೇಗೋ ಬದಿಗೆ ತಂದು ನಿಲ್ಲಿಸಿದೆ. ಸುಟ್ಟ ವಾಸನೆ. ಡ್ರಮ್ ಹತ್ತಿರ ಕೈ ಒಯ್ದರೆ ಒಲೆಯ ಮುಂದೆ ಹಿಡಿದ ಹಾಗೆ ಕಾವು. ಸೆಂಟರ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ತಿರುಗಿಸಿದರೆ ಚಕ್ರ ಅಲ್ಲಾಡಲೇ ಇಲ್ಲ.

ಕಾರಣ ಸಣ್ಣದು. ಚೈನ್ ಬಿಗಿ ಮಾಡುವಾಗ ಹಿಂದಿನ ಚಕ್ರ ಹಿಂದಕ್ಕೆ ಸರಿಯುತ್ತದೆ. ಆಗ ಪೆಡಲ್‌ನಿಂದ ಹಿಂದಿನ ಬ್ರೇಕಿಗೆ ಹೋಗುವ ಕಂಬಿ, ಅಂದರೆ ಬ್ರೇಕ್ ರಾಡ್ ಕೂಡ ಎಳೆದಂತಾಗಿ, ಪೆಡಲ್ ಒತ್ತದಿದ್ದರೂ ಡ್ರಮ್ ಒಳಗಿನ ಬ್ರೇಕ್ ಪಟ್ಟಿ, ಅಂದರೆ ಶೂ, ಡ್ರಮ್ಮಿಗೆ ಉಜ್ಜುತ್ತಿರುತ್ತದೆ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಿದ್ದು ಹಿಂದಿನ ಚಕ್ರ ಹಗುರಾಗುತ್ತದೆ. ಆಗ ಸ್ವಲ್ಪ ಒತ್ತಿದರೂ ಲಾಕ್ ಆಗುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದೆ ಅಂತ ಧೈರ್ಯ ಬೇಡ. ಸಿಂಗಲ್ ಚಾನೆಲ್ ಆದರೆ ಅದು ಮುಂದಿನ ಚಕ್ರಕ್ಕೆ ಮಾತ್ರ.

ಬಿಸಿ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ನಾವು ಅರ್ಧ ಗಂಟೆ ಕಾದೆವು. ರಾಡ್ ತುದಿಯ ನಟ್ಟನ್ನು ಸ್ಪ್ಯಾನರ್‌ನಿಂದ ಅರ್ಧರ್ಧ ಸುತ್ತು ಸಡಿಲ ಮಾಡುತ್ತಾ, ಪ್ರತಿ ಸಲ ಚಕ್ರ ತಿರುಗಿಸಿ ನೋಡಿದೆ. ನಾಲ್ಕನೇ ಸಲಕ್ಕೆ ಸದ್ದಿಲ್ಲದೆ ತಿರುಗಿತು. ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಯುವ ಮುಂಚೆ ಹೆಬ್ಬೆರಳಿನ ಅಗಲದಷ್ಟು, ಅಂದರೆ 20ರಿಂದ 30 ಮಿಲಿಮೀಟರ್ ಆಟ ಇರಬೇಕು. ಜಾಸ್ತಿ ಸಡಿಲ ಮಾಡಿದರೆ ಬ್ರೇಕೇ ಹಿಡಿಯುವುದಿಲ್ಲ, ಹಾಗಾಗಿ ಸಮತಟ್ಟು ಜಾಗದಲ್ಲಿ ನಿಧಾನಕ್ಕೆ ಓಡಿಸಿ ಪರೀಕ್ಷಿಸಿ. ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರುತ್ತದಾ ಅಂತಲೂ ನೋಡಿ. ನಟ್ ಆಗಲೇ ರಾಡಿನ ಕೊನೆಯವರೆಗೂ ಬಿಗಿಯಾಗಿದ್ದರೆ ಶೂ ಸವೆದಿದೆ ಅಂತ ಅರ್ಥ, ಹೊರಡುವ ಮುಂಚೆ ಬದಲಾಯಿಸಿ.

ಆ ನಟ್ಟಿಗೆ ಹೊಂದುವ ಸ್ಪ್ಯಾನರ್ ಬ್ಯಾಗಿನಲ್ಲಿರಲಿ. ಘಾಟಿಯಲ್ಲಿ ಗ್ಯಾರೇಜ್ ಇಲ್ಲ. ಎರಡನೇ ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಕ್ಲಚ್ ಒತ್ತಿ ಉರುಳಿಸಬೇಡಿ.

ಉಳಿದ ತಿರುವುಗಳನ್ನು ಹಾಗೇ ಇಳಿದೆವು. ಕೆಳಗೆ ಸೋಮೇಶ್ವರದಲ್ಲಿ ನಿಲ್ಲಿಸಿ ಡ್ರಮ್ ಹತ್ತಿರ ಮತ್ತೆ ಕೈ ಒಯ್ದೆ. ಬರೀ ಉಗುರು ಬೆಚ್ಚಗಿತ್ತು. ಟೀ ಕುಡಿದು ಹೆಬ್ರಿ ಕಡೆ ಹೊರಟೆವು.